ಬೀಟೆ ಮರದ ಡಿಎನ್‌ಎ ಪ್ರತ್ಯೇಕಿಸುವಿಕೆ

ಬೀಟೆ ಮರದ ವೈಜ್ಞಾನಿಕ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಭಾಗದ ಭದ್ರಾ ಅರಣ್ಯದಲ್ಲಿಯೂ ಬೆಳೆಯುವ ಈ ಮರವು ಬೆಲೆಬಾಳುವ ನಾಟಾಕ್ಕಾಗಿ ನಡೆದ ಕಡಿತದಿಂದ ವಿರಳವಾಗುತ್ತಿದೆ.

ಡಿಎನ್‌ಎ ಪಡೆಯಲು ಎಳೆಯ ಎಲೆಗಳನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಪುಡಿಮಾಡಿ, ಸಿಟಿಎಬಿ ದ್ರಾವಣದಲ್ಲಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಲಾಗುತ್ತದೆ. ಎಲೆಯ ಫಿನಾಲ್ ಸಂಯುಕ್ತಗಳು ಡಿಎನ್‌ಎಯೊಡನೆ ಉಳಿದರೆ ಮುಂದಿನ ಹಂತಕ್ಕೆ ಅಡ್ಡಿಯಾಗುವುದರಿಂದ ದ್ರಾವಣಕ್ಕೆ ಪಿವಿಪಿ ಸೇರಿಸಿ, ಬಳಿಕ ಕ್ಲೋರೋಫಾರ್ಮ್ ಬಳಸಿ ಶುದ್ಧೀಕರಿಸಲಾಗುತ್ತದೆ.

ಹೀಗೆ ದೊರೆತ ಡಿಎನ್‌ಎಯ ಆಯ್ದ ಭಾಗವನ್ನು ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ ಪಿಸಿಆರ್ ವಿಧಾನದಿಂದ ವರ್ಧಿಸಲಾಗುತ್ತದೆ. ಪ್ರತಿ ಆವರ್ತದಲ್ಲಿ ಪ್ರತಿಗಳು ಇಮ್ಮಡಿಯಾಗುವುದರಿಂದ 30 ಆವರ್ತಗಳಲ್ಲಿ ಒಂದು ತುಣುಕಿನಿಂದ ತಾತ್ತ್ವಿಕವಾಗಿ ನೂರು ಕೋಟಿಗೂ ಹೆಚ್ಚು ಪ್ರತಿಗಳಾಗುತ್ತವೆ.

ಮರದ ಚೇಗಿನ ಕೋಶಗಳು ಸತ್ತಿರುವುದರಿಂದ ಅಲ್ಲಿ ಡಿಎನ್‌ಎ ಅತ್ಯಲ್ಪವಾಗಿದ್ದು, ಛಿದ್ರಗೊಂಡಿರುತ್ತದೆ. ಆದುದರಿಂದ ಕಳವಾದ ದಿಮ್ಮಿಯ ಮೂಲವನ್ನು ಗುರುತಿಸಲು, ಹೋಲಿಕೆಗಾಗಿ ಜೀವಂತ ಮರಗಳ ಎಲೆಗಳಿಂದ ಪಡೆದ ಡಿಎನ್‌ಎ ಮಾಹಿತಿ ಅವಶ್ಯಕ.