ಜೀಪನ್ನು ಎತ್ತಿದವರು: ಪಾಟಾದಿಂದ ಕಾಯಿಲ್‌ವರೆಗೆ

1953ರಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್‌ಟೌನ್ ಎಂಬ ಪುಟ್ಟ ಊರಿನಿಂದ 55 ಜೀಪುಗಳು 155 ಜನರನ್ನು ಹೊತ್ತು ಸಿಯೆರಾ ನೆವಾಡ ಬೆಟ್ಟಸಾಲನ್ನು ಹತ್ತಿದವು. ಟಾಹೊ ಸರೋವರದ ಕಡೆ ಇಳಿಯುವುದು ಅವುಗಳ ಗುರಿ. ನಡುವೆ ಇದ್ದದ್ದು ರೂಬಿಕಾನ್ ಹಾದಿ. ಹಾದಿ ಎಂಬುದು ಹೆಸರಿಗಷ್ಟೇ, ಮೈಲಿಗಟ್ಟಲೆ ಬರೀ ಬಂಡೆ. ಮಾರ್ಕ್ ಸ್ಮಿತ್ ಮತ್ತು ಗೆಳೆಯರು ಹೊರಡಿಸಿದ ಈ ಸವಾರಿಯೇ ಮೊದಲ ಜೀಪ್ ಜಾಂಬೊರಿ. ಜೀಪನ್ನು ಎತ್ತರಿಸುವ ಕಸುಬಿನ ಚರಿತ್ರೆಯನ್ನು ಇಲ್ಲಿಂದ ಶುರುಮಾಡುವುದು ನ್ಯಾಯ. ಏಕೆಂದರೆ ಯುದ್ಧಕ್ಕೆಂದು ತಗ್ಗಾಗಿ ಕಟ್ಟಿದ ಗಾಡಿಯನ್ನು ಜನ ಬಂಡೆಯ ಮೇಲೆ ಹತ್ತಿಸಿ, ಅದರ ಹೊಟ್ಟೆ ಎಲ್ಲೆಲ್ಲಿ ತಾಗುತ್ತದೆ ಎಂದು ಲೆಕ್ಕ ಹಾಕತೊಡಗಿದ್ದು ಇಂಥ ಹಾದಿಗಳಲ್ಲೇ.

ತಗ್ಗಾಗಿರಬೇಕೆಂಬುದು ಅಮೆರಿಕದ ಸೇನೆಯದೇ ಷರತ್ತು. ಎತ್ತರದ ಗಾಡಿ ಶತ್ರುವಿನ ಕಣ್ಣಿಗೆ ಬೇಗ ಬೀಳುತ್ತದೆ. 1940ರ ಸೆಪ್ಟೆಂಬರ್‌ನಲ್ಲಿ ಬ್ಯಾಂಟಮ್ ಕಂಪನಿ ಮೊದಲ ಮಾದರಿಯನ್ನು ಸೇನೆಗೆ ಒಪ್ಪಿಸಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಲಕ್ಷಗಟ್ಟಲೆ ಜೀಪುಗಳು ಹೊರಬಂದವು. ವಿಲ್ಲಿಸ್ ಎಂಬಿ ಜೀಪಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಇಂಚು ಅಂತರ, ಎಂಜಿನ್‌ಗೆ 60 ಅಶ್ವಶಕ್ತಿ. ನಾಲ್ಕೂ ಮೂಲೆಗೆ ಪಾಟಾ (ಉಕ್ಕಿನ ಪಟ್ಟಿಗಳ ಕಟ್ಟಿನ ಸ್ಪ್ರಿಂಗ್), ಅದೂ ಆಕ್ಸಲ್ ಹೌಸಿಂಗ್‌ನ ಅಡಿಗೆ ಕಟ್ಟಿದ್ದು. ಮುಂದಿನ ಎಡಗಡೆ ಒಂದು ಹೆಚ್ಚುವರಿ ಸ್ಪ್ರಿಂಗ್ ಇತ್ತು. ನಾಲ್ಕು ಚಕ್ರಗಳ ಮೇಲಿನ ಭಾರ ಒಂದೇ ಸಮ ಇರುವುದಿಲ್ಲ ಎಂಬುದು ಅಂದಿನ ಎಂಜಿನಿಯರುಗಳಿಗೆ ಗೊತ್ತಿತ್ತು. ಮುಂದೆ ಲಿಫ್ಟ್ ಕಿಟ್ ಕೊಂಡ ಎಷ್ಟೋ ಮಂದಿ ಮರೆತದ್ದು ಇದನ್ನೇ.

ಇನ್ನೂ ಹೆಚ್ಚು ಮಂದಿ ಮರೆತ ಸಂಗತಿ ಬೇರೊಂದಿದೆ. ಹೌಸಿಂಗ್ ನಡುವೆ ಉಬ್ಬಿಕೊಂಡಿರುವ ಡಿಫರೆನ್ಶಿಯಲ್‌ಗೂ ನೆಲಕ್ಕೂ ಇರುವ ಅಂತರವನ್ನು ಯಾವ ಸ್ಪ್ರಿಂಗೂ ಹೆಚ್ಚಿಸಲಾರದು. ಸ್ಪ್ರಿಂಗ್ ಎತ್ತುವುದು ಚಾಸಿಯನ್ನು ಮಾತ್ರ. ಹೌಸಿಂಗ್ ಮೇಲೇರಬೇಕಾದರೆ ಟೈರು ದೊಡ್ಡದಾಗಬೇಕು. 29 ಇಂಚಿನ ಟೈರು ತೆಗೆದು 31 ಇಂಚಿನದು ಹಾಕಿದರೆ ಸಿಗುವುದು ಒಂದೇ ಇಂಚು. ಆ ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಿರಲಿ ಎಂದೇ ಚಾಸಿಯನ್ನು ಎತ್ತಬೇಕಾಗುತ್ತದೆ. ಜೊತೆಗೆ ಬಂಪರ್ ಮತ್ತು ಹೊಟ್ಟೆ ಬಂಡೆಗೆ ತಾಗುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಯಾವ ಟೈರು ಎಂಬುದು ಮೊದಲು ತೀರ್ಮಾನವಾಗಬೇಕು, ಎಷ್ಟು ಎತ್ತರ ಎಂಬುದು ಆಮೇಲೆ. ಈ ಕಸುಬಿನಲ್ಲಿ ಹಣ ಪೋಲಾದದ್ದೆಲ್ಲ ಬಹುಮಟ್ಟಿಗೆ ಈ ಅನುಕ್ರಮ ತಲೆಕೆಳಗಾದಾಗಲೇ.

ಶುರುವಿನ ಉಪಾಯಗಳು ಅಗ್ಗದವು. ಪಾಟಾವನ್ನು ಚಾಸಿಗೆ ತೂಗುಹಾಕುವ ಶಕಲ್ ಬದಲಿಗೆ ಉದ್ದನೆಯದನ್ನು ಹಾಕುವುದು ಒಂದು. ಶಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದು ಇಂಚು, ಏಕೆಂದರೆ ಪಾಟಾದ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಹಳೆಯ ಜೀಪುಗಳಲ್ಲಿ ಮುಂದಿನ ಪಾಟಾದ ಶಕಲ್ ಇರುವುದು ಬಂಪರ್ ಪಕ್ಕದಲ್ಲಿ. ಅದನ್ನು ಉದ್ದ ಮಾಡಿದರೆ ಹೌಸಿಂಗ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಗ ನೆಟ್ಟಗಿನ ರಸ್ತೆಯಲ್ಲೂ ಸ್ಟೇರಿಂಗ್ ಅತ್ತಿತ್ತ ಎಳೆಯುತ್ತದೆ. ಇನ್ನೊಂದು ಉಪಾಯ ಹೌಸಿಂಗ್‌ಗೂ ಪಾಟಾಕ್ಕೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದನೆಯ ಯು ಬೋಲ್ಟ್ ಬಿಗಿಯುವುದು. ಪಾಟಾ ಹೌಸಿಂಗ್‌ನ ಮೇಲೆ ಕೂರುವ ಗಾಡಿಗಳ ಹಿಂಬದಿಗೆ ಇದು ನಡೆಯುತ್ತದೆ. ಮುಂದೆ ಹಾಕುವುದು ಅಪಾಯ, ಬ್ರೇಕ್ ಒತ್ತಿದಾಗಿನ ಎಳೆತಕ್ಕೆ ಬ್ಲಾಕ್ ಜರುಗಿಬಿಡಬಹುದು.

ಮೂರನೆಯದು ನಮ್ಮ ಲಾರಿ ಗ್ಯಾರೇಜಿನವರಿಗೂ ಚೆನ್ನಾಗಿ ಗೊತ್ತಿರುವ ಕೆಲಸ, ಕಟ್ಟಿಗೆ ಇನ್ನೊಂದು ಪಾಟಾ ಸೇರಿಸುವುದು. ಐದು ಪಾಟಾದ ಕಟ್ಟಿಗೆ ಅಷ್ಟೇ ದಪ್ಪದ ಇನ್ನೊಂದನ್ನು ಸೇರಿಸಿದರೆ ಬಿಗಿ ಸರಿಸುಮಾರು ಐದನೇ ಒಂದು ಭಾಗ ಏರುತ್ತದೆ. ಆದರೆ ದಪ್ಪನೆಯ ಪಾಟಾ ಸೇರಿಸಿದರೆ ಲೆಕ್ಕವೇ ಬೇರೆ. ಒಂದು ಪಾಟಾದ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಇಮ್ಮಡಿ ದಪ್ಪದ ಪಾಟಾ ಎಂಟು ಪಟ್ಟು ಬಿಗಿ. ಗಾಡಿ ಎತ್ತರವಾಗುತ್ತದೆ ನಿಜ, ಆದರೆ ಬಂಡೆಯ ಮೇಲೆ ಒಂದು ಚಕ್ರ ಏರಿದಾಗ ಇನ್ನೊಂದು ಕೆಳಗಿಳಿಯದೆ ಗಾಳಿಯಲ್ಲೇ ತಿರುಗುತ್ತದೆ. ಹಳೇ ಪಾಟಾವನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗು ಕೊಡಿಸಿದವರಿಗೆ ಇದಕ್ಕಿಂತ ಹೆಚ್ಚಿನ ನಷ್ಟ. ಸ್ಪ್ರಿಂಗ್ ಉಕ್ಕಿನ ಹದ ಒಮ್ಮೆ ಕೆಟ್ಟರೆ ಬಾಗು ಕೆಲವೇ ತಿಂಗಳಲ್ಲಿ ಇಳಿದುಹೋಗುತ್ತದೆ. ಕಾಯಿಸದೆಯೇ, ತಣ್ಣಗಿರುವಾಗಲೇ ಪ್ರೆಸ್‌ನಲ್ಲಿ ಬಾಗಿಸುವುದು ಸರಿಯಾದ ಕ್ರಮ.

ಇವೆಲ್ಲಕ್ಕಿಂತ ದಿಟ್ಟ ಉಪಾಯ ಹೌಸಿಂಗ್‌ನ ಅಡಿಯಲ್ಲಿದ್ದ ಪಾಟಾವನ್ನು ತಂದು ಅದರ ಮೇಲೆ ಕೂರಿಸುವುದು. ಹೊಸ ಸ್ಪ್ರಿಂಗ್ ಬೇಡ, ಇದ್ದ ಮೆದು ಪಾಟಾಗಳೇ ಸಾಕು. ಹೌಸಿಂಗ್ ಕೊಳವೆಯ ದಪ್ಪ ಮತ್ತು ಪಾಟಾ ಕಟ್ಟಿನ ದಪ್ಪ ಸೇರಿದಷ್ಟು ಎತ್ತರ ಸಿಗುತ್ತದೆ. ಅಮೆರಿಕದಲ್ಲಿ ಜೀಪು, ಜಪಾನಿನ ಟೊಯೋಟಾ, ಸುಜುಕಿಗಳಿಗೆ ಈ ಕೆಲಸ ಮಾಡಿದ ವೆಲ್ಡಿಂಗ್ ಶೆಡ್ಡುಗಳಿಗೆ ಲೆಕ್ಕವಿಲ್ಲ.

ಎತ್ತರಕ್ಕೆ ತೆರಬೇಕಾದ ಬೆಲೆಯೂ ಇತ್ತು. 1980ರ ಡಿಸೆಂಬರ್‌ನಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮ 'ಸಿಕ್ಸ್ಟಿ ಮಿನಿಟ್ಸ್' ಸಿಜೆ-5 ಜೀಪು ತಿರುವಿನಲ್ಲಿ ಮಗುಚುವುದನ್ನು ತೋರಿಸಿತು. ಅದು ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಇದ್ದ ಗಾಡಿ. 1987ರ ಮಾದರಿಯಾಗಿ ಬಂದ ಜೀಪ್ ರ‍್ಯಾಂಗ್ಲರ್ ವೈಜೆ ಹಿಂದಿನದಕ್ಕಿಂತ ತಗ್ಗು, ಅಗಲ. ಅದರಲ್ಲಿ ಪಾಟಾ ಉಳಿದರೂ ಹೌಸಿಂಗ್ ಪಕ್ಕಕ್ಕೆ ಜರುಗದಂತೆ ಹಿಡಿಯುವ ಟ್ರ್ಯಾಕ್ ಬಾರ್ ಜೊತೆಗೂಡಿತ್ತು. ಬಂಡೆ ಹತ್ತುವವರು ಕೊಂಡ ಕೂಡಲೇ ಬಿಚ್ಚಿದ್ದು ಆ ಟ್ರ್ಯಾಕ್ ಬಾರ್‌ಗಳನ್ನೇ, ಚಕ್ರ ಇನ್ನಷ್ಟು ಕೆಳಗಿಳಿಯಲಿ ಎಂದು. ಮರುವರ್ಷ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಸುಜುಕಿ ಸಮುರಾಯ್ ಮಗುಚುವ ಗಾಡಿ ಎಂದು ಬರೆಯಿತು. ಸುಜುಕಿ ಹೂಡಿದ ಮೊಕದ್ದಮೆ 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಎತ್ತಿದಷ್ಟೂ ಗಾಡಿಯ ಭಾರ ಮೇಲೇರುತ್ತದೆ, ಚಕ್ರಗಳ ನಡುವಿನ ಅಗಲ ಮಾತ್ರ ಇದ್ದಷ್ಟೇ ಇರುತ್ತದೆ. ಅಗಲವನ್ನೂ ಹೆಚ್ಚಿಸದೆ ಎತ್ತಿದ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದು ತಪ್ಪು.

ಅಷ್ಟರಲ್ಲಿ ಹೊಸ ಪ್ರಶ್ನೆಯೊಂದು ಎದ್ದಿತ್ತು. ಯೂಟಾದ ಮೋಆಬ್‌ನಲ್ಲಿ 1967ರಿಂದ ಈಸ್ಟರ್ ಸಮಯದ ಜೀಪ್ ಸಫಾರಿ ನಡೆಯುತ್ತಿದೆ. ಅಲ್ಲಿನ ಮರಳುಗಲ್ಲಿನ ಮೇಲೆ ಗೆಲ್ಲುವುದು ಎತ್ತರದ ಗಾಡಿಯಲ್ಲ, ನಾಲ್ಕೂ ಚಕ್ರ ನೆಲ ಬಿಡದ ಗಾಡಿ. ಇದನ್ನು ಅಳೆಯಲು ಪತ್ರಿಕೆಗಳು 20 ಡಿಗ್ರಿ ಇಳಿಜಾರಿನ ಕಬ್ಬಿಣದ ರ‍್ಯಾಂಪ್ ತಂದವು. ಮುಂದಿನ ಒಂದು ಚಕ್ರವನ್ನಷ್ಟೇ ಅದರ ಮೇಲೆ ಹತ್ತಿಸಬೇಕು. ಬೇರೊಂದು ಚಕ್ರ ನೆಲ ಬಿಡುವ ಹೊತ್ತಿಗೆ ಎಷ್ಟು ದೂರ ಏರಿತೋ ಅದನ್ನು ಮುಂದಿನ ಹಿಂದಿನ ಚಕ್ರಗಳ ಅಂತರದಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಅಂಕ ಬರುತ್ತದೆ. ಎಷ್ಟು ಇಂಚು ಎತ್ತಿದೆ ಎಂದು ಕೇಳುತ್ತಿದ್ದವರು ಚಕ್ರ ಎಷ್ಟು ಇಳಿಯುತ್ತದೆ ಎಂದು ಕೇಳತೊಡಗಿದರು. ಈ ಕಸುಬಿನಲ್ಲಿ ನಡೆದ ಬದಲಾವಣೆಗಳಲ್ಲಿ ಇದೇ ದೊಡ್ಡದು.

ಉತ್ತರ ಬ್ರಿಟನ್ನಿನಲ್ಲಿ ಆಗಲೇ ಇತ್ತು. 1948ರ ಲ್ಯಾಂಡ್ ರೋವರ್ ಜೀಪಿನಂತೆ ಪಾಟಾದ ಗಾಡಿ, 1970ರ ರೇಂಜ್ ರೋವರ್ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗಿನದು. ಪಾಟಾ ಒಂದೇ ಎರಡು ಕೆಲಸ ಮಾಡುತ್ತದೆ, ಭಾರವನ್ನೂ ಹೊರುತ್ತದೆ, ಹೌಸಿಂಗನ್ನೂ ಹಿಡಿದಿಡುತ್ತದೆ. ಕಾಯಿಲ್ ಹೊರುವುದು ಭಾರವನ್ನಷ್ಟೇ, ಹಿಡಿದಿಡಲು ಬೇರೆ ಆರ್ಮ್‌ಗಳು ಬೇಕು. 1997ರ ಮಾದರಿಯ ರ‍್ಯಾಂಗ್ಲರ್ ಟಿಜೆಯಲ್ಲಿ ಕಾಯಿಲ್ ಬಂದಾಗ ಅದರ ಜೊತೆ ಎಂಟು ಕಂಟ್ರೋಲ್ ಆರ್ಮ್, ಎರಡು ಟ್ರ್ಯಾಕ್ ಬಾರ್ ಬಂದವು. ಲಿಫ್ಟ್ ಮಾಡುವವರ ಸಾಮಾನಿನ ಪಟ್ಟಿ ಉದ್ದವಾದದ್ದು ಆಗ.

ಟಿಜೆಯನ್ನು ನಾಲ್ಕು ಇಂಚು ಎತ್ತಿದರೆ ಏನಾಗುತ್ತದೆ ಎಂದು ನೋಡಿದರೆ ಈ ಪಟ್ಟಿಯ ಗುಟ್ಟು ತಿಳಿಯುತ್ತದೆ. ಟ್ರ್ಯಾಕ್ ಬಾರ್‌ನ ಉದ್ದ ಬದಲಾಗದೆ ಕೋನ ಬದಲಾದ್ದರಿಂದ ಹೌಸಿಂಗ್ ಒಂದು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಉದ್ದ ಹೊಂದಿಸಬಲ್ಲ ಬಾರ್ ಬೇಕು. ಗಿಡ್ಡ ಆರ್ಮ್‌ಗಳು ಕಡಿದಾಗಿ ಕೆಳಗಿಳಿಯುವುದರಿಂದ ಪ್ರತಿ ಗುಂಡಿಯ ಹೊಡೆತವೂ ಚಾಸಿಗೆ ನೇರ ಮುಟ್ಟುತ್ತದೆ. ಅದಕ್ಕೆಂದೇ ಚಾಸಿಯ ನಡುಭಾಗಕ್ಕೆ ವೆಲ್ಡ್ ಮಾಡಿ ಕೂರಿಸುವ ಉದ್ದ ಆರ್ಮ್‌ಗಳು ಬಂದವು. ಬ್ರೇಕ್ ಹೋಸ್ ಸಾಲದೆ ಬರುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಮೊದಲೇ ಗಿಡ್ಡ, ಕೋನ ಹೆಚ್ಚಾದ ಕೂಡಲೇ ಗಾಡಿ ನಡುಗತೊಡಗುತ್ತದೆ. ಅಗ್ಗದ ಕಿಟ್‌ಗಳು ಇದಕ್ಕೆ ಟ್ರಾನ್ಸ್‌ಫರ್ ಕೇಸನ್ನೇ ಒಂದು ಇಂಚು ಕೆಳಗಿಳಿಸುವ ತುಂಡುಗಳನ್ನು ಕೊಟ್ಟವು. ಹಣ ಕೊಟ್ಟು ಎತ್ತಿಸಿಕೊಂಡ ಹೊಟ್ಟೆ ಅಷ್ಟೇ ಮತ್ತೆ ತಗ್ಗಿತು. ಸರಿಯಾದ ದಾರಿ ಟ್ರಾನ್ಸ್‌ಫರ್ ಕೇಸಿನ ಹಿಂದುಗಡೆ ಗಿಡ್ಡ ಮಾಡಿ, ಜೋಡಿ ಕ್ರಾಸ್ ಇರುವ ಉದ್ದನೆಯ ಶಾಫ್ಟ್ ಹಾಕುವುದು. ಅದರ ಖರ್ಚು ಸ್ಪ್ರಿಂಗುಗಳ ಖರ್ಚನ್ನೇ ಮೀರಬಹುದು.

ಆಸ್ಟ್ರೇಲಿಯಾದವರ ಆಯ್ಕೆಗೆ ಹೆಚ್ಚು ಗೌರವ ಸಲ್ಲಬೇಕು. ಅಲ್ಲಿ ಬಂಡೆಗಿಂತ ದೂರದ್ದೇ ಕಷ್ಟ. ಸಾವಿರಾರು ಕಿಲೋಮೀಟರ್ ಮಣ್ಣುರಸ್ತೆಯ ಏಣು ಏಣಿನ ಮೇಲೆ ಓಡುವಾಗ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಆರ್‌ಬಿ ಕಂಪನಿ ಮಾರುವ ಓಲ್ಡ್ ಮ್ಯಾನ್ ಈಮು ಸ್ಪ್ರಿಂಗುಗಳನ್ನು ಆರಿಸುವುದು ಮೊದಲಾಗಿ ತೂಕ ನೋಡಿ. ಮುಂದೆ ಭಾರದ ಬಂಪರ್, ವಿಂಚ್ ಇದೆಯೇ, ಹಿಂದೆ ದೊಡ್ಡ ಡೀಸೆಲ್ ಟ್ಯಾಂಕ್, ನೀರು, ಸಾಮಾನು ಸದಾ ಇರುತ್ತದೆಯೇ ಎಂದು ಕೇಳಿ ಸ್ಪ್ರಿಂಗ್ ಕೊಡುತ್ತಾರೆ. ಎತ್ತರ 50 ಮಿಲಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ತೂಕದ ಲೆಕ್ಕ ಇಷ್ಟು ಮುಖ್ಯವಾಗಲು ಕಾರಣವಿದೆ. ಕಾಯಿಲ್‌ನ ಬಿಗಿ ಅದರ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತಂತಿ ಶೇ. 10ರಷ್ಟು ದಪ್ಪವಾದರೆ ಸ್ಪ್ರಿಂಗ್ ಶೇ. 46ರಷ್ಟು ಬಿಗಿ. ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದವರು ಸವಾರಿಯುದ್ದಕ್ಕೂ ಸೀಟಿನಿಂದ ಎಗರುತ್ತಾರೆ.

ಕರ್ನಾಟಕದ ಜೀಪು ಬೇರೆ ದಾರಿ ಹಿಡಿಯಿತು. ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮೇಲೆ ಅದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂತು. ಅಲ್ಲಿ ಜೀಪು ಗೊಬ್ಬರದ ಮೂಟೆ, ಕೊಯ್ಲಿನ ಚೀಲ, ಆಳುಗಳು, ಆಸ್ಪತ್ರೆಗೆ ಹೊರಟ ಬಾಣಂತಿ ಎಲ್ಲವನ್ನೂ ಹೊತ್ತಿತು. ಕೊಡಚಾದ್ರಿ, ಮಾಂದಲಪಟ್ಟಿಯ ಬಾಡಿಗೆ ಜೀಪುಗಳನ್ನು ನೋಡಿದವರಿಗೆ ಗೊತ್ತು, ಅವು ಆಕಾಶಕ್ಕೆ ಎದ್ದು ನಿಂತ ಗಾಡಿಗಳಲ್ಲ. ಜನ ತುಂಬಿದ ಮೇಲೆ ಕೂತುಬಿಡದಂಥ ಪಾಟಾ, ಸವೆದ ಕೂಡಲೇ ಬದಲಿಸುವ ಬುಶ್, ಕೆಸರಿಗೆ ಕಚ್ಚುವ ಟೈರು, ಮಳೆ ಜಡಿದಾಗ ಚಕ್ರಕ್ಕೆ ಸುತ್ತುವ ಚೈನು, ಇಷ್ಟೇ ಅಲ್ಲಿನ ಸಿದ್ಧತೆ. ದಿನವೂ ಅದೇ ಇಳಿಜಾರಿನಲ್ಲಿ ಜನರನ್ನು ಇಳಿಸಬೇಕಾದ ಚಾಲಕರು ಭಾರ ಮೇಲೇರಿದ ಗಾಡಿಯನ್ನು ಬಯಸುವುದಿಲ್ಲ. ಲಿಫ್ಟ್ ಬಗ್ಗೆ ಯೋಚಿಸುವ ಬೆಂಗಳೂರಿನ ಹುಡುಗರು ಇವರೊಡನೆ ಒಂದು ಟ್ರಿಪ್ ಕೂತು ಬರುವುದು ಒಳ್ಳೆಯದು.

ಅಮೆರಿಕದ ಬಂಡೆಗಳ ವಿದ್ಯೆ ಇಲ್ಲಿ ನೆಲೆಸಿದ್ದು ಜಿಪ್ಸಿಯ ಮೂಲಕ. 1985ರಲ್ಲಿ ಬಂದ ಮಾರುತಿ ಜಿಪ್ಸಿ, ಸುಜುಕಿ ಸಮುರಾಯ್‌ನದೇ ವಂಶದ ಗಾಡಿ. 970 ಸಿಸಿ ಎಂಜಿನ್, ಕಡಿಮೆ ತೂಕ, ಹೌಸಿಂಗ್ ಅಡಿಯಲ್ಲಿ ಪಾಟಾ. 1993ರಲ್ಲಿ ಕಂಪನಿಯೇ ಚಕ್ರಗಳ ನಡುವಿನ ಅಗಲವನ್ನು 90 ಮಿಲಿಮೀಟರ್ ಹೆಚ್ಚಿಸಿತು. ಪಾಟಾವನ್ನು ಮೇಲಕ್ಕೆ ತರುವ ಕೆಲಸಕ್ಕೆ ಇಲ್ಲಿನ ಜಿಪ್ಸಿ ಪ್ರಿಯರೆಲ್ಲ ಹೇಳುವುದು ಎಸ್‌ಪಿಓಎ (ಸ್ಪ್ರಿಂಗ್ ಓವರ್ ಆಕ್ಸಲ್) ಎಂದೇ. ಸುಮಾರು ಐದು ಇಂಚು ಎತ್ತರ, ಹೊಸ ಸ್ಪ್ರಿಂಗಿನ ಖರ್ಚಿಲ್ಲ.

ಶೆಡ್ಡಿನಲ್ಲಿ ಈ ಕೆಲಸ ಸಾಗುವ ಕ್ರಮದಲ್ಲೇ ಮೆಕ್ಯಾನಿಕ್‌ನ ಮಟ್ಟ ಕಾಣುತ್ತದೆ. ಹೌಸಿಂಗ್ ಬಿಚ್ಚಿ, ಅದರ ಮೇಲ್ಭಾಗದಲ್ಲಿ ಪಾಟಾ ಕೂರುವ ಹೊಸ ಪ್ಯಾಡ್ ಇಟ್ಟು, ಮೊದಲು ಅಲ್ಲಲ್ಲಿ ಚುಕ್ಕಿ ವೆಲ್ಡ್ ಮಾತ್ರ ಹಾಕಬೇಕು. ಮತ್ತೆ ಜೋಡಿಸಿ, ಗಾಡಿಯ ಪೂರ್ತಿ ಭಾರವನ್ನು ಚಕ್ರಕ್ಕೆ ಬಿಟ್ಟು, ಪ್ರೊಪೆಲ್ಲರ್ ಶಾಫ್ಟ್ ಮತ್ತು ಡಿಫರೆನ್ಶಿಯಲ್ ಮೂತಿಯ ಕೋನ ಅಳೆದು, ಸರಿ ಕಂಡ ಮೇಲೆ ಪೂರ್ತಿ ವೆಲ್ಡ್ ಮಾಡಬೇಕು. ಮುಂದಿನ ಹೌಸಿಂಗ್‌ನಲ್ಲಿ ಮೂತಿ ತಿರುಗಿಸಿದರೆ ಕ್ಯಾಸ್ಟರ್ ಕೆಡುತ್ತದೆ, ಕ್ಯಾಸ್ಟರ್ ಉಳಿಸಿದರೆ ಮೂತಿಯ ಕೋನ ಬಿಡಬೇಕಾಗುತ್ತದೆ. ಮೇಲೆ ಬಂದ ಪಾಟಾಕ್ಕೆ ಸ್ಟೇರಿಂಗಿನ ಡ್ರ್ಯಾಗ್ ಲಿಂಕ್ ತಾಗುವುದರಿಂದ ಅದನ್ನು ಝಡ್ ಆಕಾರಕ್ಕೆ ಬಾಗಿಸಿದ್ದು ಹಾಕುತ್ತಾರೆ. ಆಕ್ಸಿಲರೇಟರ್ ಒತ್ತಿದಾಗ ಮೆದು ಪಾಟಾ ಎಸ್ ಆಕಾರಕ್ಕೆ ಸುರುಳಿಯಾಗದಂತೆ ಹಿಂದೆ ಟ್ರ್ಯಾಕ್ಷನ್ ಬಾರ್ ಬೇಕಾಗುತ್ತದೆ. ಉದ್ದನೆಯ ಶಾಕ್ ಅಬ್ಸಾರ್ಬರ್, ಉದ್ದನೆಯ ಬ್ರೇಕ್ ಹೋಸ್, ಶಾಫ್ಟಿಗೆ ಸ್ಪೇಸರ್. ಖರ್ಚಿಲ್ಲದ ಲಿಫ್ಟ್ ಎಂದು ಹೊರಟವರ ಪಟ್ಟಿ ಇಲ್ಲಿಗೆ ಬಂದು ನಿಲ್ಲುತ್ತದೆ.

2010ರ ಮಹೀಂದ್ರ ಥಾರ್ ಈ ವಿದ್ಯೆಯ ಒಂದು ಬಾಗಿಲನ್ನು ಮುಚ್ಚಿತು. ಅದರ ಹಿಂದೆ ಪಾಟಾ ಇದ್ದರೂ ಮುಂದಿನ ಎರಡು ಚಕ್ರಗಳು ಸ್ವತಂತ್ರ, ಭಾರ ಹೊರುವುದು ಟಾರ್ಷನ್ ಬಾರ್. ಬೋಲ್ಟ್ ತಿರುಗಿಸಿದರೆ ಮುಂಭಾಗ ಏಳುತ್ತದೆ. ಆದರೆ ಚಕ್ರದ ಒಟ್ಟು ಓಡಾಟ ಹೆಚ್ಚುವುದಿಲ್ಲ, ಕೆಳಗಿಳಿಯಲು ಉಳಿದಿದ್ದ ಜಾಗವೇ ಮುಗಿಯುತ್ತದೆ, ಆಕ್ಸಲ್ ಜಾಯಿಂಟ್ ಬೇಗ ಸವೆಯುತ್ತದೆ. 2020ರ ಹೊಸ ಥಾರ್‌ಗೆ ಮುಂದೆಯೂ ಹಿಂದೆಯೂ ಕಾಯಿಲ್ ಬಂತು, ನೆಲದಿಂದ 226 ಮಿಲಿಮೀಟರ್ ಅಂತರ ಕಾರ್ಖಾನೆಯಿಂದಲೇ ಬಂತು. ಆ ಹೊತ್ತಿಗೆ ಕಾನೂನೂ ಬಿಗಿಯಾಗಿತ್ತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ನಿಯಮಕ್ಕೆ ಒಪ್ಪದ ಪ್ರತಿ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಹಾಗಾಗಿ ಐದು ಇಂಚು ಎದ್ದ ಜಿಪ್ಸಿಗಳಿಗೆ ಈಗ ತಕ್ಕ ಜಾಗ ಖಾಸಗಿ ಜಮೀನಿನಲ್ಲಿ ನಡೆಯುವ ಸ್ಪರ್ಧೆಗಳ ಕೆಸರುಗುಂಡಿ. ಅಲ್ಲಿಗೆ ಅವನ್ನು ಲಾರಿ ಮೇಲೆ ಹೇರಿಕೊಂಡು ಹೋಗುವುದೇ ಕ್ಷೇಮ.