ತಲೆಶೂಲೆಯ ಮದ್ದಿನ ಚರಿತ್ರೆ

ಸೊಲ್ಲಾಪುರ, ಅಕ್ಕಲಕೋಟೆಗಳ ಬೇಸಗೆಯ ಬಿಸಿಲನ್ನು ಬಲ್ಲವರಿಗೆ ತಲೆಶೂಲೆಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಹೊತ್ತೇರಿದಂತೆ ಏರಿ, ಹೊತ್ತಿಳಿದಂತೆ ಇಳಿಯುವ ನೋವನ್ನು ಸುಶ್ರುತಸಂಹಿತೆಯು ‘ಸೂರ್ಯಾವರ್ತ’ವೆಂದು ಕರೆದಿದೆ, ತಲೆಯ ಒಂದು ಪಕ್ಕವನ್ನು ಸೀಳುವಂತಹ ನೋವನ್ನು ‘ಅರ್ಧಾವಭೇದಕ’ವೆಂದಿದೆ. ನಮ್ಮ ಹಳ್ಳಿಗರು ಅರೆತಲೆನೋವೆನ್ನುವುದು ಇದನ್ನೇ. ಶಿರೋರೋಗಗಳಲ್ಲಿ 11 ಬಗೆಗಳನ್ನು ಆ ಗ್ರಂಥವು ಎಣಿಸುತ್ತದೆ.

ಇದಕ್ಕೆ ಪ್ರಾಚೀನರು ಮೂಗಿನೊಳಗೆ ಔಷಧ ಬಿಡುವ ನಸ್ಯವನ್ನೂ, ಹಣೆಗೆ ಲೇಪವನ್ನೂ, ಮದ್ದು ಕೂಡಿಸಿ ಕಾಸಿದ ತುಪ್ಪವನ್ನೂ ವಿಧಿಸಿದರು. ಚರಕಸಂಹಿತೆಯಲ್ಲಿ ನವಿಲಿನ ಮಾಂಸದಿಂದ ಸಿದ್ಧವಾಗುವ ‘ಮಾಯೂರಘೃತ’ವೂ ಉಂಟು. ಒಂದು ಜೀವದ ನೋವನ್ನು ನೀಗಲು ಇನ್ನೊಂದು ಜೀವವನ್ನು ಕೊಲ್ಲಬೇಕೆ? ಜೈನ ವೈದ್ಯರು ಈ ಪ್ರಶ್ನೆಯನ್ನೆತ್ತಿದರು. ಉಗ್ರಾದಿತ್ಯಾಚಾರ್ಯನು ತನ್ನ ‘ಕಲ್ಯಾಣಕಾರಕ’ದಲ್ಲಿ ಮಾಂಸ ಮದ್ಯಗಳಿಲ್ಲದ ಚಿಕಿತ್ಸೆಯನ್ನು ಬೋಧಿಸಿ, ನೃಪತುಂಗನ ಸಭೆಯಲ್ಲಿ ಮಾಂಸೌಷಧವನ್ನು ಖಂಡಿಸಿದನೆಂದು ಆ ಗ್ರಂಥದಿಂದಲೇ ತಿಳಿಯುತ್ತದೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ 1940ರಲ್ಲಿ ಈ ಸಂಸ್ಕೃತ ಗ್ರಂಥವು ಅಚ್ಚಾಗಿ ಹೊರಬಂದುದು ನಮ್ಮ ಸೊಲ್ಲಾಪುರದಿಂದಲೇ. ಪೂಜ್ಯಪಾದರ ಅದೇ ಹೆಸರಿನ ಇನ್ನೊಂದು ಗ್ರಂಥವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ವೈದ್ಯವು ಕನ್ನಡದಲ್ಲಿ ಸಲ್ಲದೆಂಬವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಮುಂದೆ ಕಾರಖಾನೆಯ ಔಷಧಗಳ ಕಾಲ ಬಂದಿತು. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಅಮೃತಾಂಜನವನ್ನು ಆರಂಭಿಸಿದರು. 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಶುದ್ಧ ರೂಪದಲ್ಲಿ ತಯಾರಾದ ಔಷಧವು 1899ರಲ್ಲಿ ‘ಆಸ್ಪಿರಿನ್’ ಎಂಬ ಹೆಸರನ್ನು ಪಡೆಯಿತು. ಧಾನ್ಯದ ತೆನೆಗೆ ಹತ್ತುವ ಅರ್ಗಟ್ ಎಂಬ ಬೂಷ್ಟಿನಿಂದ 1918ರಲ್ಲಿ ಆರ್ಥರ್ ಸ್ಟಾಲ್ ಎರ್ಗೋಟಮಿನ್ ಅನ್ನು ಬೇರ್ಪಡಿಸಿದನು. ಅದು ಅರೆತಲೆನೋವಿಗೆ ಬಹುಕಾಲ ಮುಖ್ಯ ಔಷಧವಾಗಿತ್ತು. 1991ರಲ್ಲಿ ಬಳಕೆಗೆ ಬಂದ ಸುಮಾಟ್ರಿಪ್ಟಾನ್, ಆ ನೋವಿಗೆಂದೇ ಯೋಜಿಸಿ ರಚಿಸಿದ ಮದ್ದು.

ಇವೆಲ್ಲ ಬಂದ ನೋವನ್ನು ತಡೆಯುವಂತಹವು. ನೋವು ಬಾರದಂತೆ ನಿತ್ಯ ಸೇವಿಸುವ ಔಷಧಗಳ ವರ್ಗವೇ ಬೇರೆ. ಅವುಗಳಲ್ಲಿ ಪ್ರಸಿದ್ಧವಾದ ಪ್ರೊಪ್ರನೊಲಾಲ್ ಆಕಸ್ಮಿಕವಾಗಿ ದೊರೆತುದು: ಹೃದ್ರೋಗದ ಎದೆನೋವಿಗೆ ಅದನ್ನು ಕೊಟ್ಟಾಗ ಅರೆತಲೆನೋವೂ ತಗ್ಗಿದುದು 1966ರಲ್ಲಿ ವರದಿಯಾಯಿತು. ಆದರೆ ಉಬ್ಬಸವುಳ್ಳವರಿಗೆ ಅದು ಅಪಾಯಕರ. 2018ರಲ್ಲಿ ಈ ರೋಗವನ್ನು ತಡೆಯಲೆಂದೇ ರಚಿಸಿದ ಚುಚ್ಚುಮದ್ದೂ ಬಂದಿತು.

ಇಷ್ಟು ಮದ್ದುಗಳಿದ್ದರೂ ಒಂದು ಎಚ್ಚರ ಅವಶ್ಯ. ಸಾಮಾನ್ಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರ್ಗೋಟಮಿನ್, ಟ್ರಿಪ್ಟಾನ್ ಅಥವಾ ಮಿಶ್ರ ಗುಳಿಗೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಗುಳಿಗೆಯೇ ತಲೆನೋವನ್ನು ತರಬಲ್ಲದು. ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ಜ್ವರದಲ್ಲಿ ಅದು ಮಿದುಳು ಯಕೃತ್ತುಗಳಿಗೆ ಮಾರಕವಾದೀತು. ತಲೆ ಹಿಡಿದು ಕುಳಿತ ವಿದ್ಯಾರ್ಥಿಗೆ ಮೇಜಿನ ಖಾನೆಯಿಂದ ಗುಳಿಗೆ ತೆಗೆದುಕೊಡುವ ಮುನ್ನ ಶಿಕ್ಷಕಬಂಧುಗಳು ನೀರು ಕುಡಿಸಿ, ನೆರಳಿನಲ್ಲಿ ಮಲಗಿಸಿ, ಬೆಳಗ್ಗೆ ಉಂಡು ಬಂದನೋ ಇಲ್ಲವೋ ಎಂದು ಕೇಳಲಿ. ನೋವು ಮರುಕಳಿಸುತ್ತಿದ್ದರೆ, ಅಥವಾ ಹಠಾತ್ತನೆ ಉಗ್ರವಾಗಿ ಬಂದರೆ, ಜ್ವರ ವಾಂತಿಗಳು ಜೊತೆಗೂಡಿದರೆ, ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಲಿ. ಮದ್ದಿನಲ್ಲಿ ಏನಿರಬಾರದೆಂದು ಉಗ್ರಾದಿತ್ಯನು ಅಂದು ವಿಚಾರಿಸಿದನು. ಅದು ಎಷ್ಟಿರಬೇಕು, ಯಾರಿಗೆ ಸಲ್ಲಬೇಕು ಎಂದು ವಿಚಾರಿಸುವುದು ಇಂದಿನ ನಮ್ಮ ಹೊಣೆ.