ರಬ್ಬರಿಗೆ ಬೆರೆತ ಗ್ರಾಫೈಟ್

ರಬ್ಬರಿಗೆ ಇಂಗಾಲ ಬೆರೆಸುವ ರೂಢಿಗೆ ನೂರು ವರ್ಷ ದಾಟಿದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಹದಕ್ಕೆ ತಂದರೂ ಅದು ಬೇಗ ಸವೆಯುತ್ತಿತ್ತು. ಮುಂದೆ ಬಂದ ಆರಂಭದ ಟೈರುಗಳಲ್ಲಿ ಸತುವಿನ ಆಕ್ಸೈಡ್ ಬೆರೆತು ಬಣ್ಣ ಬಿಳಿಚಿಕೊಂಡಿರುತ್ತಿತ್ತು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್‌ನ ರಬ್ಬರ್ ಕಾರ್ಖಾನೆಯಲ್ಲಿ ಎಸ್. ಸಿ. ಮೋಟ್ ಅವರು ಕಾರ್ಬನ್ ಬ್ಲ್ಯಾಕ್, ಅಂದರೆ ನಯವಾದ ಮಸಿ, ಹಾಕಿದರೆ ರಬ್ಬರಿನ ಬಲ ಏರುವುದನ್ನು ಕಂಡುಕೊಂಡರು. ಲಾರಿ ಟೈರಿನ ಟ್ರೆಡ್‌ನಲ್ಲಿ ಇಂದಿಗೂ 100 ಭಾಗ ರಬ್ಬರಿಗೆ 50 ಭಾಗದ ಆಸುಪಾಸು ಮಸಿ ಇರುತ್ತದೆ. ಅದರ ಒಂದೊಂದು ಕಣ ಕೆಲವೇ ಹತ್ತು ನ್ಯಾನೋಮೀಟರ್ ಗಾತ್ರದ್ದು. ನ್ಯಾನೋ ಎಂಬ ಮಾತು ಚಾಲ್ತಿಗೆ ಬರುವ ಎಷ್ಟೋ ಮೊದಲೇ ಟೈರಿನವರು ನ್ಯಾನೋ ಪುಡಿಯಲ್ಲಿ ಕೈ ಕಪ್ಪು ಮಾಡಿಕೊಂಡಿದ್ದರು.

ಗ್ರಾಫೈಟ್ ಪುಡಿಯನ್ನೂ ರಬ್ಬರಿಗೆ ಹಾಕುತ್ತಿದ್ದರು, ಬಲಕ್ಕಲ್ಲ, ಉಜ್ಜುವ ಭಾಗಗಳು ಸಲೀಸಾಗಿ ಜಾರಲಿ ಎಂದು. ಗ್ರಾಫೈಟಿನಲ್ಲಿ ಇಂಗಾಲದ ಹಾಳೆಗಳು 0.335 ನ್ಯಾನೋಮೀಟರ್ ಅಂತರದಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆಗಳ ನಡುವಿನದು ಸಡಿಲ. ಪೆನ್ಸಿಲ್ ಕಾಗದದ ಮೇಲೆ ಗೆರೆ ಬಿಡುವುದು ಈ ಸಡಿಲದಿಂದಲೇ. ಮಸಿಯ ಕಣದಲ್ಲಿಯೂ ಇಂಥವೇ ಚಿಕ್ಕ ಹಾಳೆಗಳಿವೆ, ಆದರೆ ಅಡ್ಡಾದಿಡ್ಡಿಯಾಗಿ, ಅಂಚುಗಳು ಹೊರಚಾಚಿಕೊಂಡು. ಅದೇ ಮಸಿಯನ್ನು 2,500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಹಾಳೆಗಳು ಗ್ರಾಫೈಟಿನಂತೆ ಓರಣವಾಗುತ್ತವೆ, ಆಗ ರಬ್ಬರಿಗೆ ಬಲ ಕೊಡುವ ಗುಣ ಬಹುಪಾಲು ಹೋಗಿಬಿಡುತ್ತದೆ. ರಬ್ಬರು ಹಿಡಿದುಕೊಳ್ಳುವುದು ಒರಟು ಅಂಚನ್ನು, ನುಣುಪು ಮೈಯನ್ನಲ್ಲ. ಗ್ರಾಫೈಟನ್ನು ರಬ್ಬರಿಗೆ ಒಗ್ಗಿಸಲು ಮುಂದೆ ನಡೆದ ಪ್ರಯತ್ನಗಳೆಲ್ಲ ಅದರ ಓರಣವನ್ನು ಕೆಡಿಸುವ ಪ್ರಯತ್ನಗಳೇ.

ಕೆಡಿಸುವ ದಾರಿಗಳಲ್ಲಿ ಒಂದು ಬೆಂಕಿಯದು. ಗ್ರಾಫೈಟ್ ಹಳಕುಗಳನ್ನು ಗಂಧಕಾಮ್ಲದಲ್ಲಿ ನೆನೆಸಿ ಪದರಗಳ ನಡುವೆ ಆಮ್ಲ ಇಳಿಸಿ, ಒಮ್ಮೆಲೇ 900 ಡಿಗ್ರಿಯ ಕುಲುಮೆಗೆ ಹಾಕಿದರೆ ಒಳಗಿನ ಅನಿಲ ಪದರಗಳನ್ನು ದೂಡಿ ಹಳಕು ನೂರಾರು ಪಟ್ಟು ಉಬ್ಬುತ್ತದೆ. ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವುದನ್ನು ನೋಡಿದವರಿಗೆ ಇದು ಹೊಸದೆನಿಸದು. ಹೀಗೆ ಉಬ್ಬಿದ ಗ್ರಾಫೈಟನ್ನು ಅಲ್ಟ್ರಾಸೌಂಡ್‌ನಿಂದ ಒಡೆದರೆ ತೆಳು ಫಲಕಗಳು ಸಿಗುತ್ತವೆ.

ಇನ್ನೊಂದು ದಾರಿ ರಸಾಯನದ್ದು, ಹೆಚ್ಚು ಹಳೆಯದು. 1859ರಲ್ಲಿ ಬೆಂಜಮಿನ್ ಬ್ರೋಡಿ ಗ್ರಾಫೈಟನ್ನು ಆಮ್ಲದಲ್ಲಿ ಉತ್ಕರ್ಷಿಸಿ ಗ್ರಾಫೈಟ್ ಆಕ್ಸೈಡ್ ಪಡೆದರು. 1958ರಲ್ಲಿ ಹಮ್ಮರ್ಸ್ ಮತ್ತು ಆಫೆಮನ್ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸಿ ಆ ಕೆಲಸವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಗ್ರಾಫೈಟ್ ಆಕ್ಸೈಡ್ ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಈ ಗುಣದ ಬೆಲೆ ರಬ್ಬರಿನವರಿಗೆ ಗೊತ್ತಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಒಂಟಿ ಹಾಳೆ, ಅಂದರೆ ಗ್ರಾಫೀನ್, ಬಿಡಿಸಿದ ಮೇಲೆ ಎಲ್ಲರ ಗಮನ ಈ ಕಡೆ ಹರಿಯಿತು. ಹಾಳೆಗಳನ್ನು ಗುರುತಿಸಲು ರಾಮನ್ ರೋಹಿತವೇ ಮುಖ್ಯ ಸಾಧನವಾಯಿತು: ಪ್ರತಿ ಸೆಂಟಿಮೀಟರಿಗೆ 1580 ಅಲೆಗಳ ಸುತ್ತಿನ ಗೆರೆ ಗ್ರಾಫೈಟಿನದು, 1350ರ ಸುತ್ತಿನದು ಅದರ ಕುಂದಿನದು. ಸಿ. ವಿ. ರಾಮನ್ ಅವರು ಹಿಂದೆ ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಸೂದ್ ಅವರ ತಂಡ 2008ರಲ್ಲಿ ಇದೇ ರೋಹಿತದಿಂದ ಗ್ರಾಫೀನಿನೊಳಗಿನ ವಿದ್ಯುದಾವೇಶದ ಏರಿಳಿತವನ್ನು ಅಳೆದು ತೋರಿಸಿತು.

ರಬ್ಬರಿನೊಳಗೆ ಹಾಳೆ ನಿಜವಾಗಿ ಹಿಡಿದುಕೊಂಡಿದೆಯೇ ಎಂದು ತಿಳಿಯಲು ಇರುವ ಅಗ್ಗದ ಪರೀಕ್ಷೆ ದ್ರಾವಕದಲ್ಲಿ ಉಬ್ಬಿಸುವುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮಿನಭಾವಿ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದ ಕೊನೆಯಿಂದ ಇಂಥ ಅಳತೆಗಳನ್ನು ಹೇರಳವಾಗಿ ಮಾಡಿದರು. ರಬ್ಬರಿನ ಬಿಲ್ಲೆಯನ್ನು ದ್ರಾವಕದಲ್ಲಿ ಮುಳುಗಿಸಿಡುವುದು, ಗೊತ್ತಾದ ಹೊತ್ತಿಗೆ ಎತ್ತಿ, ಮೇಲಿನ ಹಸಿ ಒರೆಸಿ, ತಡಮಾಡದೆ ತೂಗಿ ಮತ್ತೆ ಮುಳುಗಿಸುವುದು. ತೂಕ ಏರುವುದು ನಿಲ್ಲುವವರೆಗೂ ಇದೇ ಕೆಲಸ. ಪಾಲಿಯುರೆಥೇನ್ ಮುಂತಾದ ರಬ್ಬರುಗಳಲ್ಲಿ ಸಾವಯವ ದ್ರವಗಳು ಎಷ್ಟು ವೇಗದಲ್ಲಿ ಒಳಹೊಗುತ್ತವೆ ಎಂಬುದು ಹೀಗೆ ತಿಳಿಯಿತು. ಅದು ಗ್ರಾಫೈಟಿನ ಸಂಶೋಧನೆಯಲ್ಲ. ಆದರೆ ಗ್ರಾಫೀನ್ ಬೆರೆತ ರಬ್ಬರನ್ನು ಇಂದು ಪರೀಕ್ಷಿಸುವುದೂ ಇದೇ ತಕ್ಕಡಿಯಲ್ಲಿ: ಹಾಳೆ ಗಟ್ಟಿಯಾಗಿ ಅಂಟಿದ್ದರೆ ಬಿಲ್ಲೆ ಕಡಿಮೆ ಉಬ್ಬುತ್ತದೆ, ಹಾಳೆಗಳು ಅಡ್ಡ ಮಲಗಿದ್ದರೆ ದ್ರವ ಸುತ್ತಿ ಬಳಸಿ ಸಾಗಬೇಕಾಗಿ ತಡವಾಗುತ್ತದೆ.

ಗಂಟು ಬಿದ್ದದ್ದು ಬೆರೆಸುವಲ್ಲಿ. ಒಣಗಿದ ಗ್ರಾಫೀನ್ ಹಾಳೆಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಗ್ರಾಫೈಟೇ ಆಗಲು ಹವಣಿಸುತ್ತವೆ, ಎರಡು ರೋಲರಿನ ಮಿಲ್ಲಿನಲ್ಲಿ ಎಷ್ಟು ತಿಕ್ಕಿದರೂ ಪೂರಾ ಬಿಡುವುದಿಲ್ಲ. ಪರಿಹಾರ ಬಂದದ್ದು ರಬ್ಬರ್ ಹಾಲಿನಿಂದ. ಗ್ರಾಫೈಟ್ ಆಕ್ಸೈಡಿನ ಹಾಳೆಗೂ ಹಾಲಿನ ರಬ್ಬರ್ ಕಣಕ್ಕೂ ಋಣ ವಿದ್ಯುದಾವೇಶ, ಹಾಗಾಗಿ ಎರಡೂ ನೀರಿನಲ್ಲಿ ಗಂಟುಕಟ್ಟದೆ ಬೆರೆಯುತ್ತವೆ. ಮೇಲೆ ಆಮ್ಲ ಬಿದ್ದರೆ ಒಟ್ಟಿಗೇ ಹೆಪ್ಪುಗಟ್ಟುತ್ತವೆ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಗೆರಟೆಯಿಂದ ಸುರಿದು ತಂದ ಹಾಲಿಗೆ ಫಾರ್ಮಿಕ್ ಆಮ್ಲ ಬೆರೆಸಿ, ತಟ್ಟೆಯಲ್ಲಿ ಹೆಪ್ಪಾಗಿಸಿ, ಶೀಟು ಒತ್ತಿ ಹೊಗೆಗೆ ಇಡುವುದೂ ಇದೇ ಕ್ರಮ. 2012ರಲ್ಲಿ ಅಮೆರಿಕದ ಪಾಟ್ಸ್, ರೂಫ್ ಮತ್ತು ಸಂಗಡಿಗರು ಹೀಗೆ ತಯಾರಿಸಿದ ಮಿಶ್ರಣವನ್ನು ಮಿಲ್ಲಿಗೆ ಹಾಕದೆ ಉಳಿಸಿದಾಗ ಹಾಳೆಗಳು ರಬ್ಬರ್ ಕಣಗಳ ಸುತ್ತ ಬಲೆಯಂತೆ ನಿಂತು ಗಡಸುತನವೂ ವಿದ್ಯುತ್ ಹರಿವೂ ಏರಿದವು, ಹಿಗ್ಗುವಿಕೆ ಮಾತ್ರ ಕುಗ್ಗಿತು. ಮಿಲ್ಲಿಗೆ ಹಾಕಿದ್ದೇ ಬಲೆ ಹರಿಯಿತು. ಒಂದೇ ಸರಕು ಎರಡು ಗುಣ ತೋರಿದ್ದು ಈ ಕ್ಷೇತ್ರದಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ. ಎಷ್ಟು ಹಾಕಿದರು ಎನ್ನುವ ಅಂಕಿ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ.

2014ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಮಾಮೂಲಿ ರಬ್ಬರ್ ಬ್ಯಾಂಡನ್ನು ಟಾಲ್ವೀನ್‌ನಲ್ಲಿ ಉಬ್ಬಿಸಿ, ಗ್ರಾಫೀನ್ ದ್ರವದಲ್ಲಿ ಅದ್ದಿ ಒಣಗಿಸಿದರು. ಎಳೆದಂತೆಲ್ಲ ಅದರ ವಿದ್ಯುತ್ ತಡೆ ಏರಿತು, ಮೈಮೇಲೆ ಕಟ್ಟಿದಾಗ ಉಸಿರು, ನಾಡಿಬಡಿತವನ್ನೂ ಗುರುತಿಸಿತು. 2015ರಲ್ಲಿ ಇಟಲಿಯ ವಿಟ್ಟೋರಿಯಾ ಕಂಪನಿ ಗ್ರಾಫೀನ್ ಬೆರೆತ ಸೈಕಲ್ ಟೈರುಗಳನ್ನು ಮಾರುಕಟ್ಟೆಗೆ ತಂದಿತು. ಲಾರಿ ಟೈರಿನಲ್ಲಿ ಮಸಿಯನ್ನು ಪೂರಾ ತೆಗೆದು ಗ್ರಾಫೀನ್ ಹಾಕಿದರೆ ಬೆಲೆ ಕೈಗೆಟುಕುವುದಿಲ್ಲ. ಆದ್ದರಿಂದ ಮಸಿಯ ಜೊತೆಗೇ ಕೆಲವು ಭಾಗ ತೆಳು ಗ್ರಾಫೈಟ್ ಫಲಕ ಸೇರಿಸುವ ಜೋಡಿ ಭರ್ತಿಯತ್ತ ಒಲವು ಹೆಚ್ಚು. ಫಲಕದ ಪುಡಿ ಹಗುರ, ಮಿಲ್ಲಿನ ಬಳಿ ಎದ್ದು ಹಾರುತ್ತದೆ; ಮೊದಲೇ ಹಾಲಿನಲ್ಲಿ ಬೆರೆಸಿ ಹೆಪ್ಪಾಗಿಸಿದ ಗಟ್ಟಿಯನ್ನು ತಂದರೆ ಆ ಧೂಳು ಏಳುವುದಿಲ್ಲ.